ಆಯಿಲ್ ಡಬ್ಬ ಕನ್ನಡ ಕಲಿಯುವುದು ಯಾವಾಗ?

ಮೋಟೆಬೆನ್ನೂರಿನ ಹೆದ್ದಾರಿ ಬದಿಯ ಗ್ಯಾರೇಜುಗಳನ್ನು ಒಮ್ಮೆ ಬಂದು ನೋಡಿ. ಡ್ರೈವರ್ ಕನ್ನಡ ಓದುತ್ತಾನೆ. ಕ್ಲೀನರ್ ಹುಡುಗನೂ ಓದುತ್ತಾನೆ. ಮನೆಯಲ್ಲಿ ಉರ್ದು ಆಡುವ ಮೇಸ್ತ್ರಿಯೂ ಬಾಕಿ ಲೆಕ್ಕ ಬರೆದಿಡುವುದು ಕನ್ನಡದಲ್ಲೇ. ಆದರೆ ಅವರ ಕೈಯಲ್ಲಿರುವ ಇಂಜಿನ್ ಆಯಿಲ್ ಡಬ್ಬಕ್ಕೆ ಮಾತ್ರ ಕನ್ನಡ ಬರುವುದಿಲ್ಲ! ನಾನು ತಿರುಗಿಸಿ ನೋಡಿದ ಡಬ್ಬಗಳ ಮೇಲೆಲ್ಲ ಇಂಗ್ಲಿಷ್ ಇದೆ, ಕೆಲವದರ ಮೇಲೆ ಹಿಂದಿಯೂ ಇದೆ. ನಮ್ಮ ನುಡಿ ಇಲ್ಲ.

ಇದೇನು ಮಹಾ ಎಂದು ಬೆಂಗಳೂರಿನ ಗೆಳೆಯರು ಕೇಳಬಹುದು. ಅಂಗಡಿ ಬೋರ್ಡಿಗೆ ಕನ್ನಡ ಬೇಕು, ಸರಿ. ಎಣ್ಣೆ ಡಬ್ಬಕ್ಕೂ ಬೇಕೇ? ಬೇಕು ಸ್ವಾಮಿ! ಬೋರ್ಡ್ ಓದಲಾಗದಿದ್ದರೆ ಅಂಗಡಿ ತಪ್ಪುತ್ತದೆ, ಅಷ್ಟೇ. ಡಬ್ಬ ಓದಲಾಗದಿದ್ದರೆ ಇಂಜಿನ್ ಕೆಡುತ್ತದೆ. ಅದರ ಹಿಂದೆಯೇ ಡ್ರೈವರನ ಕೆಲಸ ಹೋಗುತ್ತದೆ. ಸಾಲ ಮಾಡಿ ಒಂದೇ ಲಾರಿ ಇಟ್ಟುಕೊಂಡವನ ಮನೆಯೂ ಹೋಗುತ್ತದೆ.

ಎಣ್ಣೆ ಮೊದಲಿನಂತಿಲ್ಲ

ಮೊದಲೆಲ್ಲ ಒಂದು ಬ್ಯಾರೆಲ್ ತಂದರೆ ಮನೆಯ ನಾಲ್ಕೂ ಲಾರಿಗೆ ನಡೆಯುತ್ತಿತ್ತು. ಬೆರಳಲ್ಲಿ ಉಜ್ಜಿ ನೋಡಿ ಮೇಸ್ತ್ರಿ ತೀರ್ಮಾನ ಹೇಳುತ್ತಿದ್ದ. ಆ ಕಾಲ ಮುಗಿಯಿತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಬಂತು. ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಇರಬಹುದಾಗಿದ್ದ ಗಂಧಕವನ್ನು 10ಕ್ಕೆ ಇಳಿಸಿದರು. ಹೊಸ ಲಾರಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿತು. ಇದಕ್ಕೆ ಡಿಪಿಎಫ್ ಎನ್ನುತ್ತಾರೆ.

ಗುಟ್ಟು ಇರುವುದು ಇಲ್ಲೇ. ಈ ಫಿಲ್ಟರಿನಲ್ಲಿ ಹಿಡಿದ ಮಸಿ ಬಿಸಿಗೆ ಸುಟ್ಟು ಹೋಗುತ್ತದೆ. ಆದರೆ ಇಂಜಿನ್ ಒಳಗೆ ಸ್ವಲ್ಪ ಸ್ವಲ್ಪವೇ ಉರಿಯುವ ಆಯಿಲ್ ಬೂದಿ ಬಿಡುತ್ತದೆ. ಒಲೆಯ ಬೂದಿಯನ್ನು ಮತ್ತೆ ಸುಡಲು ಆಗುತ್ತದೆಯೇ? ಅದು ಫಿಲ್ಟರಿನಲ್ಲೇ ಕೂರುತ್ತದೆ. ಆದ್ದರಿಂದ ಆಯಿಲ್ ಮಾಡುವವರು ಬೂದಿ ಕಡಿಮೆ ಬಿಡುವ ಎಣ್ಣೆ ತಂದರು. ಡಬ್ಬದ ಮೇಲೆ ಕಾಣುವ ಸಿಐ-4 ಎಂಬುದು 2002ರಲ್ಲಿ ಬಂದ ದರ್ಜೆ. ಸಿಕೆ-4 ಎಂಬುದು 2016ರ ಡಿಸೆಂಬರಿನಲ್ಲಿ ಬಂದದ್ದು. ಇದರಲ್ಲಿ ಬೂದಿ ನೂರಕ್ಕೆ ಒಂದು ಪಾಲು ಮೀರುವಂತಿಲ್ಲ.

ಹೊಸ ಸಿಕೆ-4 ಎಣ್ಣೆ ಹಳೆಯ ಲಾರಿಗೂ ನಡೆಯುತ್ತದೆ. ಹಳೆಯ ಸಿಐ-4 ಎಣ್ಣೆ ಡಿಪಿಎಫ್ ಇರುವ ಹೊಸ ಲಾರಿಗೆ ನಡೆಯುವುದಿಲ್ಲ. ಇನ್ನು ಎಫ್‌ಎ-4 ಎಂಬ ತೆಳು ಎಣ್ಣೆಯೂ ಇದೆ. ಅದಕ್ಕೆಂದೇ ಮಾಡಿದ ಇಂಜಿನ್ನಿಗೆ ಬಿಟ್ಟು ಬೇರೆಯದಕ್ಕೆ ಅದನ್ನು ಹಾಕಲೇಬಾರದು. ಇಷ್ಟು ಮಾತು ಡಬ್ಬದ ಬೆನ್ನ ಮೇಲೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಕೂತರೆ ಯಾರಿಗೆ ಉಪಯೋಗ?

ನಮ್ಮ ಕಡೆಯ ಒಬ್ಬ ಮಾಲೀಕರು ಎರಡು ಹಳೆಯ ಲಾರಿಗಳ ಜೊತೆ ಒಂದು ಹೊಸದನ್ನು ಕೊಂಡರು. ಮೂರಕ್ಕೂ ಒಂದೇ ಬ್ಯಾರೆಲ್ ಎಣ್ಣೆ. ಎರಡು ಮೆಣಸಿನಕಾಯಿ ಸೀಸನ್ ಮುಗಿಯುವಷ್ಟರಲ್ಲಿ ಹೊಸ ಲಾರಿ ಏರು ಹತ್ತಲು ಏದುಸಿರು ಬಿಡತೊಡಗಿತು. ಬೈಗುಳ ತಿಂದವನು ಡ್ರೈವರ್. ಅವನು ಕೆಲಸ ಬಿಟ್ಟೂ ಹೋದ. ಆಮೇಲೆ ವರ್ಕ್‌ಶಾಪಿನವರು ಇಂಗ್ಲಿಷ್ ಪುಸ್ತಕ ತೆರೆದು, “ಇಲ್ಲೇ ಬರೆದಿದೆಯಲ್ಲ” ಎಂದರಂತೆ. ಬರೆದಿದೆ, ನಿಜ. ಯಾರಿಗಾಗಿ ಬರೆದಿದೆ?

ಸೀಸನ್ನಿನ ಲೆಕ್ಕ

ನಮ್ಮ ಜಿಲ್ಲೆಯ ಲಾರಿಗಳಿಗೆ ಬೆಳೆಯೇ ಪಂಚಾಂಗ. ಮಳೆಗಾಲ ಕಳೆದ ಮೇಲೆ ಗೋವಿನಜೋಳ. ಜನವರಿಯಿಂದ ಬ್ಯಾಡಗಿ ಮೆಣಸಿನಕಾಯಿಯ ಭರಾಟೆ. ಸೋಮವಾರ, ಗುರುವಾರ ಎಂದರೆ ಮಾರುಕಟ್ಟೆಯ ದಾರಿಯಲ್ಲಿ ಲಾರಿಗಳ ಸಾಲು. ಬಳ್ಳಾರಿ, ರಾಯಚೂರು, ಆಂಧ್ರದಿಂದ ಮಾಲು ಬರುತ್ತದೆ. ಒಂದೇ ದಿನ ಲಕ್ಷ ಮೀರಿ ಚೀಲ ಇಳಿಯುವುದೂ ಉಂಟು.

ಆ ಸಾಲಿನಲ್ಲಿ ಇಂಜಿನ್ ಆರಿಸದೆ ನಿಂತ ಲಾರಿಯ ಕಿಲೋಮೀಟರ್ ಓಡುವುದಿಲ್ಲ, ಎಣ್ಣೆ ಮಾತ್ರ ಸವೆಯುತ್ತಲೇ ಇರುತ್ತದೆ. ಅದಕ್ಕೇ ಮೀಟರ್ ಒಂದನ್ನೇ ನಂಬಬಾರದು. ಈಗಿನ ಎಣ್ಣೆ ಮೊದಲಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದೂರ ಬಾಳುತ್ತದೆ ಎಂಬುದು ನಿಜ. ಆದರೆ ಆ ದೊಡ್ಡ ಲೆಕ್ಕ ಹೆದ್ದಾರಿಯಲ್ಲಿ ಎಡೆಬಿಡದೆ ಓಡುವ ಲಾರಿಯದು. ಧೂಳು, ಸಾಲು, ಭಾರಿ ಲೋಡು ಇದ್ದಲ್ಲಿ ಮೊದಲೇ ಬದಲಿಸಬೇಕು. ಏರ್ ಫಿಲ್ಟರ್ ದಾಟಿ ಒಳಗೆ ಹೋದ ಧೂಳು ಲೈನರನ್ನು ಅರದಂತೆ ಉಜ್ಜುತ್ತದೆ.

ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ಗಾಬರಿ ಬೇಡ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಆದರೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಎಂದರ್ಥ. ಆಗ ಲಾರಿ ಸ್ಟಾರ್ಟ್ ಮಾಡಕೂಡದು.

ಬಹಳ ಜನ ಎಡವುವುದು ಸೀಸನ್ ಮುಗಿದ ಮೇಲೆ. ಮಳೆಗಾಲದಲ್ಲಿ ಲಾರಿ ನಿಲ್ಲಿಸುತ್ತೇವೆ, ಆಯುಧಪೂಜೆಗೆ ತೊಳೆದು ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಆಮೇಲೆ ಎಣ್ಣೆ ಬದಲಿಸುತ್ತೇವೆ. ಇದು ತಲೆಕೆಳಗಾದ ಲೆಕ್ಕ! ದುಡಿದ ಎಣ್ಣೆಯಲ್ಲಿ ಆಮ್ಲ, ತೇವ ಸೇರಿರುತ್ತವೆ. ತಿಂಗಳುಗಟ್ಟಲೆ ಅದು ಒಳಗೇ ನಿಂತರೆ ಬೇರಿಂಗ್ ತಿನ್ನುತ್ತದೆ. ಲಾರಿ ನಿಲ್ಲಿಸುವ ಮೊದಲೇ ಎಣ್ಣೆ ಬದಲಿಸಿ, ಸ್ವಲ್ಪ ಓಡಿಸಿ, ಆಮೇಲೆ ನಿಲ್ಲಿಸಬೇಕು. ಟ್ಯಾಂಕಿನಲ್ಲಿ ಡೀಸೆಲ್ ತುಂಬಿಸಿಟ್ಟರೆ ಒಳಗೆ ನೀರು ಬೆವರುವುದು ಕಡಿಮೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ತಿಳಿದಿರಬೇಕು ಅಷ್ಟೇ.

ಕಾನೂನಿನ ಆಟ

ಈ ತಿಳಿವಳಿಕೆ ಡಬ್ಬದ ಮೇಲೆ ಕನ್ನಡದಲ್ಲಿ ಏಕೆ ಬರುವುದಿಲ್ಲ? ಪೊಟ್ಟಣ ಸರಕುಗಳ ಬಗ್ಗೆ ಕೇಂದ್ರದ 2011ರ ನಿಯಮ ಓದಿ. ಕಡ್ಡಾಯ ವಿವರಗಳು ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇರಬೇಕಂತೆ. ಅದರ ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲವಂತೆ. ಅಡ್ಡಿಯಿಲ್ಲ! ನಮ್ಮ ಮನೆಯಲ್ಲಿ ನಮಗೇ ಕೂರಲು ಅಡ್ಡಿಯಿಲ್ಲ ಎಂದ ಹಾಗಾಯಿತು. ಅಡ್ಡಿಯಿಲ್ಲದ್ದನ್ನು ಯಾವ ಕಂಪನಿ ತಾನಾಗಿ ಮಾಡುತ್ತದೆ?

ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. 2025ರಲ್ಲಿ ಸರ್ಕಾರ ಇದನ್ನೇ ಮತ್ತೆ ಹೇಳಿತು. ಒಳ್ಳೆಯದೇ. ಆದರೆ ಹೊರರಾಜ್ಯದಲ್ಲಿ ತುಂಬಿ ಬರುವ ಡಬ್ಬಕ್ಕೆ ಇದು ತಾಗುವುದಿಲ್ಲ. ಎಲ್ಲಿ ಮಾರುತ್ತಾರೋ ಅಲ್ಲಿನ ಭಾಷೆ ಕಡ್ಡಾಯ ಎಂದು ಕೇಂದ್ರದ ನಿಯಮವೇ ಬದಲಾಗಬೇಕು. ಅಲ್ಲಿಯವರೆಗೆ ಸರ್ವೋ ಮಾರುವ ಇಂಡಿಯನ್ ಆಯಿಲ್, ಮ್ಯಾಕ್ ಮಾರುವ ಭಾರತ್ ಪೆಟ್ರೋಲಿಯಂ ಏಕೆ ಕಾಯಬೇಕು? ಇವು ಸರ್ಕಾರಿ ಕಂಪನಿಗಳು. ಮೊದಲ ಹೆಜ್ಜೆ ಇವರೇ ಇಡಲಿ.

ಖರ್ಚಿನ ನೆಪ ನನ್ನ ಹತ್ತಿರ ನಡೆಯುವುದಿಲ್ಲ. ಇಪ್ಪತ್ತು ವರ್ಷದಿಂದ ಮುದ್ರಣಾಲಯ ನಡೆಸುತ್ತಿದ್ದೇನೆ. ಲೇಬಲ್ಲಿಗೆ ಕಪ್ಪು ಬಣ್ಣ ಹೇಗೂ ಓಡುತ್ತದೆ. ಅದೇ ಪ್ಲೇಟಿನಲ್ಲಿ ನಾಲ್ಕು ಸಾಲು ಕನ್ನಡ ಕೂತರೆ ಬಣ್ಣ ಹೆಚ್ಚುವುದಿಲ್ಲ, ಕಾಗದ ಹೆಚ್ಚುವುದಿಲ್ಲ. ಅವರಲ್ಲಿ ಇಲ್ಲದಿರುವುದು ಮನಸ್ಸು.

ಯುವಕರೇ, ಕೆಲಸ ಇಲ್ಲಿದೆ

ಇಂಜಿನಿಯರಿಂಗ್ ಓದಿದ ಕನ್ನಡದ ಹುಡುಗರು, ಹುಡುಗಿಯರು ಇಂದು ಸಾವಿರಾರು. ನಿಮ್ಮಿಂದ ಚಂದಾ ಕೇಳುತ್ತಿಲ್ಲ. ಒಂದು ಸಂಜೆ ಕೊಡಿ. ಒಂದು ಮಾದರಿ ಲಾರಿಯ ಪುಸ್ತಕ ಹಿಡಿದು, ಯಾವ ದರ್ಜೆ, ಯಾವ ದಪ್ಪ, ಎಷ್ಟು ಲೀಟರ್, ಯಾವಾಗ ಬದಲಿಸಬೇಕು ಎಂಬುದನ್ನು ಒಂದು ಹಾಳೆ ಕನ್ನಡದಲ್ಲಿ ಬರೆಯಿರಿ. “ಕೀಲೆಣ್ಣೆಯ ಸ್ನಿಗ್ಧತೆ” ಎಂದು ಬರೆದು ಮೇಸ್ತ್ರಿಯನ್ನು ಹೆದರಿಸಬೇಡಿ. ಗ್ಯಾರೇಜಿನಲ್ಲಿ ಆಯಿಲ್ ಎಂದೇ ಅನ್ನುತ್ತಾರೆ, ಫಿಲ್ಟರ್ ಎಂದೇ ಅನ್ನುತ್ತಾರೆ. ದಪ್ಪ, ತೆಳು ಎಂದರೆ ಸಾಕು. ಜನ ಆಡುವ ಕನ್ನಡದಲ್ಲಿ ಬರೆದದ್ದನ್ನೇ ಜನ ಓದುತ್ತಾರೆ.

ಬರೆದದ್ದನ್ನು ಆ ಲಾರಿ ಬಿಚ್ಚಿ ಕಟ್ಟಿದ ಒಬ್ಬ ಮೇಸ್ತ್ರಿಗೆ ಓದಿ ಹೇಳಿ, ತಿದ್ದಿಸಿಕೊಳ್ಳಿ. ಆಮೇಲೆ ನಮ್ಮ ಸಂಘದ ಗೆಳೆಯರ ಕೈಗೆ ಕೊಡಿ. ಕ್ಯಾಬಿನ್ನಿನಲ್ಲಿ ತೂಗುಹಾಕುವ ಕಾರ್ಡು ಮಾಡಿ, ಕಾಗದದ ಬೆಲೆಗೆ ನಾನು ಅಚ್ಚು ಹಾಕುತ್ತೇನೆ. ಕೂಲಿ ಬೇಡ. ಮೊದಲ ಸಾವಿರ ಕಾರ್ಡು ಬರುವ ಮೆಣಸಿನಕಾಯಿ ಸೀಸನ್ನಿಗೆ ಮೊದಲೇ ಬ್ಯಾಡಗಿಯ ಲಾರಿಗಳಲ್ಲಿ ತೂಗಬೇಕು. ಅದೇ ಕಾರ್ಡಿನ ಒಂದು ಪ್ರತಿಯನ್ನು ಒಂದೊಂದು ಆಯಿಲ್ ಕಂಪನಿಗೂ ಅಂಚೆಯಲ್ಲಿ ಕಳಿಸೋಣ. ಹಳ್ಳಿಯ ಒಂದು ಮುದ್ರಣಾಲಯಕ್ಕೆ ಸಾಧ್ಯವಾದದ್ದು ನಿಮಗೇಕೆ ಸಾಧ್ಯವಿಲ್ಲ ಎಂದು ಅವರನ್ನು ಕೇಳೋಣ.