ಜೂನ್ ತಿಂಗಳ ಜ್ವರ

ವಾಚಕರೇ, ಮಳೆಗಿಂತ ಮೊದಲೇ ನಮ್ಮವರ ಮನೆಗಳಿಗೆ ಬರುವ ಜ್ವರವೊಂದುಂಟು. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ದಿನ ಅದು ಏರುತ್ತದೆ. ಅಹಮದಾಬಾದಿರಲಿ, ವಡೋದರವಿರಲಿ, ಸೂರತ್ತಿರಲಿ, ನಾಲ್ವರು ಕನ್ನಡಿಗರು ಕೂಡಿದಲ್ಲಿ ಒಂದೇ ಪ್ರಶ್ನೆ: "ಮುಂದೇನು?" ಅಷ್ಟರಲ್ಲಿ ಧಾರವಾಡದಿಂದ ಸೋದರತ್ತೆಯ ಫೋನು: "ನಮ್ಮ ಹುಡುಗಗ ಬೆಂಗಳೂರಾಗ ಸೀಟು ಸಿಕ್ಕೈತಿ. ನಿಮ್ಮಾಂವಂದೇನಾತು?"

ಈ ಜ್ವರ ನಮಗೂ ಬಂದಿತ್ತು. ನಮ್ಮ ತಂದೆಯವರು ಸಣ್ಣ ಸಂಬಳದವರು. ಒಂದು ವರ್ಷ ತಡೆದರೆ ಹುಡುಗ ಹಿಂದೆ ಬೀಳುತ್ತಾನೆಂದು ನೆಂಟರೆಲ್ಲ ಹೆದರಿಸಿದ್ದರಿಂದ, ತಾಯಿಯವರ ಬಳೆಗಳನ್ನು ಒತ್ತೆಯಿಟ್ಟು ನಮ್ಮನ್ನು ವಿಜ್ಞಾನದ ತರಗತಿಗೆ ಸೇರಿಸಿದರು. ಅದು ನಿನಗೆ ಬೇಕೇ ಎಂದು ಯಾರೂ ಕೇಳಲಿಲ್ಲ. ನಾವೂ ಬಾಯಿ ಬಿಡಲಿಲ್ಲ. ವರ್ಷದ ಕೊನೆಗೆ ನಪಾಸಾದೆವು, ಮರುವರ್ಷ ಬಿ.ಎ.ಗೆ ಬಂದೆವು. ವರ್ಷ ಉಳಿಸಹೋಗಿ ವರ್ಷವೂ ಹೋಯಿತು, ಬಳೆಯೂ ಹೋಯಿತು.

ಲೆಕ್ಕದ ಪುಸ್ತಕದಲ್ಲಿ ಬರೆಯದ ಖರ್ಚು ಇನ್ನೊಂದಿದೆ. ನಮ್ಮ ತಂಗಿ ಹನ್ನೆರಡನೆಯದನ್ನು ಮುಗಿಸಿದಾಗ ಮನೆಯಲ್ಲಿ ಒತ್ತೆಯಿಡಲು ಏನೂ ಉಳಿದಿರಲಿಲ್ಲ. ಅವಳು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ, ಆರು ವರ್ಷಗಳ ಮೇಲೆ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದಳು. ಓದಿದ್ದೆಲ್ಲ ಅವಳಿಗೆ ಇಂದಿಗೂ ನೆನಪಿದೆ, ನಮಗಿಲ್ಲ.

ತಡವಾದರೆ ವಿದ್ಯೆ ಓಡಿಹೋಗುವುದೆಂಬ ಭಯಕ್ಕೆ ವಡೋದರದ ಚರಿತ್ರೆಯಲ್ಲಿಯೇ ಉತ್ತರವಿದೆ. ಮಹಾರಾಜ ಸಯಾಜಿರಾವ್ ಗಾಯಕವಾಡರು ೧೯೧೩ರಲ್ಲಿ ತರುಣ ಅಂಬೇಡ್ಕರರಿಗೆ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕೆಗೆ ಕಳುಹಿಸಿದರು. ವೇತನದ ಅವಧಿ ಮುಗಿದಾಗ, ೧೯೧೭ರಲ್ಲಿ, ಅವರು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ವಡೋದರದ ನೌಕರಿಗೆ ಬರಬೇಕಾಯಿತು. ಅಸ್ಪೃಶ್ಯರೆಂದು ಈ ಊರು ಅವರಿಗೆ ತಂಗಲು ಮನೆ ಕೊಡಲಿಲ್ಲ. ಅವರು ಮುಂಬಯಿಗೆ ಹೋಗಿ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ, ಹಣ ಕೂಡಿಸಿ, ೧೯೨೦ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ೧೯೨೩ರಲ್ಲಿ ಡಿ.ಎಸ್‌ಸಿ. ಪದವಿ ಬಂದಾಗ ಅವರಿಗೆ ಮೂವತ್ತೆರಡು ವರ್ಷ. ಅವರಂಥವರ ಮಾತು ಬೇರೆ, ನಿಜ. ಆ ತಡವನ್ನು ಅವರು ಬಯಸಿದ್ದೂ ಅಲ್ಲ. ಆದರೂ ೧೯೯೪ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಮುಕ್ತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟಿರುವುದು ಉಚಿತವೇ ಸರಿ.

ಹಾಗೆಂದು ಕಾಲೇಜು ಬೇಡವೆಂದು ನಾವು ಹೇಳುತ್ತಿಲ್ಲ. ಬಿ.ಎ. ಇಲ್ಲದಿದ್ದರೆ ಈ ಗುಮಾಸ್ತೆಯ ಕುರ್ಚಿಯೂ ನಮಗೆ ದಕ್ಕುತ್ತಿರಲಿಲ್ಲ. ನಾವು ಹೇಳುವುದಿಷ್ಟೆ: ಅರ್ಜಿ ತುಂಬುವ ಮೊದಲು ಕಾಗದ ಪೆನ್ಸಿಲು ಹಿಡಿದು ಕೂಡಬೇಕು. ಫೀ ಒಂದೇ ಅಲ್ಲ. ಹಾಸ್ಟೆಲು, ಪುಸ್ತಕ, ಬಸ್ಸು, ರಜೆಯಲ್ಲಿ ಊರಿಗೆ ಹೋಗಿಬರುವ ರೈಲು, ಎಲ್ಲವನ್ನೂ ಬರೆಯಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ೭.೫ ಲಕ್ಷ ರೂಪಾಯಿವರೆಗೆ ಒತ್ತೆ ಬೇಡ. ಕಂತು ಕಟ್ಟುವುದೂ ಓದು ಮುಗಿದು ಒಂದು ವರ್ಷದ ಮೇಲೆ. ಆದರೆ ಬಡ್ಡಿ ಕಾಯುವುದಿಲ್ಲ. ಹಣ ಕೈಗೆ ಬಂದಂದಿನಿಂದಲೇ ಬೆಳೆಯುತ್ತದೆ. ಒಂದು ವರ್ಷ ತಡೆಯುವುದಾದರೆ ವಿದ್ಯಾರ್ಥಿವೇತನ ಕೈತಪ್ಪುವುದೋ ಎಂಬುದನ್ನೂ ಮೊದಲೇ ವಿಚಾರಿಸಬೇಕು. ತಡೆದ ವರ್ಷ ಮಲಗಿ ಕಳೆಯುವ ವರ್ಷವೂ ಆಗಬಾರದು. ದುಡಿಮೆಯೋ ಕಸಬೋ ಏನಾದರೊಂದು ಕೈಗೆ ಹತ್ತಬೇಕು.

ಈ ಲೆಕ್ಕಕ್ಕೆ ಮನೆಯ ಮಕ್ಕಳನ್ನೆಲ್ಲ ಕೂಡಿಸಿಕೊಳ್ಳಿರಿ, ವಿಶೇಷವಾಗಿ ಕಿರಿಯರನ್ನು. ಮೊದಲನೆಯವನ ಫೀ ಎರಡನೆಯವಳ ಪಾಲಿನಿಂದ ಹೋಗುತ್ತಿದೆಯೇ ಎಂಬುದು ಅವಳಿಗೂ ತಿಳಿಯಲಿ. "ಮುಂದೇನು?" ಎಂಬ ಪ್ರಶ್ನೆಯನ್ನು ನೆಂಟರ ಬಾಯಿಂದ ಬಿಡಿಸಿಕೊಂಡು, ಒಮ್ಮೆ ನಾವೇ ಮೆಲ್ಲಗೆ ಮಕ್ಕಳನ್ನು ಕೇಳೋಣ, ಬಳೆ ಇನ್ನೂ ಕೈಯಲ್ಲಿರುವಾಗಲೇ.