ಗೋಡೆಗೆ ಬಣ್ಣ ಸಾಕು, ಕೂರುವುದಕ್ಕೆ ಕಟ್ಟೆ ಕೊಡಿ

ನಗರವನ್ನು ಸುಂದರಗೊಳಿಸುತ್ತೇವೆಂದು ಹೇಳುವವರಿಗೆ ನಮ್ಮ ರಾಜ್ಯದಲ್ಲಿ ಬರವಿಲ್ಲ. ಆಯವ್ಯಯ ಮಂಡಿಸುವಾಗ ಹೇಳುತ್ತಾರೆ, ಶಂಕುಸ್ಥಾಪನೆಯ ದಿನ ಹೇಳುತ್ತಾರೆ, ಉದ್ಘಾಟನೆಯ ಟೇಪು ಕತ್ತರಿಸುವಾಗ ಮತ್ತೊಮ್ಮೆ ಹೇಳುತ್ತಾರೆ. ಯಾರ ಕಣ್ಣಿಗೆ ಸುಂದರ, ಯಾರ ಮೈಗೆ ಸುಖ ಎಂಬುದನ್ನು ಮಾತ್ರ ಹೇಳುವುದಿಲ್ಲ.

ನಾವು ಕೇಳುತ್ತಿರುವುದು ಬಹಳ ಸಣ್ಣ ಸಂಗತಿ. ಶಿವಮೊಗ್ಗೆಯ 35 ವಾರ್ಡುಗಳಲ್ಲಿ ವಾರ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ತೆಗೆದಿಡಿ. ಆ ಹಣವನ್ನು ಕಂಟ್ರಾಕ್ಟರರ ಕೈಗೆ ಕೊಡದೆ ಈ ಸೀಮೆಯ ಚಿತ್ರಗಾರ, ಶಿಲ್ಪಿ, ಬಡಗಿ, ಕಮ್ಮಾರ, ಕುಂಬಾರರಿಗೆ ಸಣ್ಣ ಸಣ್ಣ ಮೊತ್ತಗಳಾಗಿ ನೇರವಾಗಿ ಕೊಡಿ. ಅವರು ಆ ಬೀದಿಯ ಜನರನ್ನು ಕೇಳಿ, ಅವರಿಗೆ ದಿನವೂ ಬೇಕಾಗುವ ಒಂದು ವಸ್ತುವನ್ನು ಅಂದವಾಗಿ ಮಾಡಿಕೊಡಲಿ. ಒಂದು ಕಡೆ ಕೂರುವ ಕಟ್ಟೆ, ಒಂದು ಕಡೆ ಕುಡಿಯುವ ನೀರಿನ ತೊಟ್ಟಿ, ಇನ್ನೊಂದು ಕಡೆ ಬೆಳಗಿನ ಜಾವದಿಂದ ಬೀದಿ ಗುಡಿಸಿದ ಪೌರಕಾರ್ಮಿಕರು ಹತ್ತು ನಿಮಿಷ ಕಾಲು ಚಾಚುವ ನೆರಳು. ಇಷ್ಟೇ.

ಈ ಬೇಡಿಕೆಯನ್ನು ಹಿಡಿದು ನಾವು ಎರಡು ಬಾಗಿಲು ತಟ್ಟಿದೆವು. ಕಾಮಗಾರಿ ನೋಡುವ ಅಧಿಕಾರಿಗಳು, "ಇದು ಕಲೆ, ಕಲೆಗೆ ಬೇರೆ ಇಲಾಖೆಯಿದೆ" ಎಂದರು. ಕಲೆಯ ವಿಷಯ ನೋಡುವ ಇನ್ನೊಬ್ಬ ಮಹನೀಯರು, "ಇದು ಬೆಂಚು, ಬೆಂಚಿಗೆ ಇಂಜಿನಿಯರರಿದ್ದಾರೆ" ಎಂದರು. ಪಡಸಾಲೆಯಲ್ಲಿ ನಾವು ಒಂದು ಗಂಟೆ ನಿಂತೇ ಇದ್ದೆವು. ಕೂರುವುದಕ್ಕೆ ಅಲ್ಲಿಯೂ ಬೆಂಚಿರಲಿಲ್ಲ.

ಇವರ ಮಾತಿಗೆ ನಮಗೆ ಆಶ್ಚರ್ಯವಾಗಲಿಲ್ಲ. ನೋವಾದದ್ದು ನಮ್ಮ ಸಂಗಾತಿಗಳ ಮಾತಿನಿಂದ. "ಚರಂಡಿಯೇ ಇಲ್ಲದ ಕೇರಿಗೆ ಚಿತ್ತಾರವೆ? ಸಮಾಜವಾದಿಗಳು ಅನ್ನದ ಮಾತು ಬಿಟ್ಟು ಅಲಂಕಾರದ ಮಾತಿಗೆ ಇಳಿದಿರಾ?" ಎಂದು ಕೆಲವರು ಕೇಳಿದರು. ಚರಂಡಿ ಬೇಡವೆಂದು ನಾವೆಂದೂ ಹೇಳಿಲ್ಲ. ಆದರೆ ಸಂಗಾತಿಗಳು ಒಮ್ಮೆ ಸಂಜೆಯ ಹೊತ್ತು ಯಾವುದಾದರೂ ಕೇರಿಗೆ ಹೋಗಿ ನೋಡಲಿ: ಮುದುಕರು, ಹೆಂಗಸರು, ಕೆಲಸದಿಂದ ಬಂದವರು ಎಲ್ಲಿ ಕುಳಿತಿದ್ದಾರೆ? ಚರಂಡಿಯ ಮೇಲಿನ ಚಪ್ಪಡಿಯ ಮೇಲೆ. ಆಡಳಿತವು ಬಡವನಿಗೆ ಕೊಟ್ಟಿರುವ ಸಾರ್ವಜನಿಕ ಆಸನ ಅದೊಂದೇ. ಹಳ್ಳಿಯ ಹೆಂಗಸರಿಗೆ ಶೌಚಾಲಯವಿಲ್ಲವೆಂಬ ಮಾತನ್ನು ರಾಜಕೀಯದ ನಡುಮನೆಗೆ ತಂದವರು ಡಾಕ್ಟರ್ ಲೋಹಿಯಾ. ಈ ದೇಶದ ಕಲ್ಲಿನ ಕೆತ್ತನೆಗಳ ಅರ್ಥವೇನೆಂದು ಬೆರಗಿನಿಂದ ಬರೆದವರೂ ಅವರೇ. ಆ ಒಬ್ಬ ಮನುಷ್ಯನಲ್ಲಿ ಎರಡಕ್ಕೂ ಜಾಗವಿತ್ತು. ನಮ್ಮ ಪಕ್ಷದಲ್ಲಿ ಯಾಕೆ ಇರಬಾರದು?

ಈಗ ನಮ್ಮ ಬಸ್ ತಂಗುದಾಣಗಳನ್ನು ನೋಡೋಣ. ಹಣೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಶಾಸಕರ ಹೆಸರು, ಸಂಸದರ ಹೆಸರು, ಯಾವ ನಿಧಿ, ಯಾವ ವರ್ಷ, ಜತೆಗೆ ಕೈಮುಗಿದ ಭಾವಚಿತ್ರ. ಇದು ಯಾವ ನಿಲ್ದಾಣ ಎಂಬ ಒಂದು ಮಾತು ಮಾತ್ರ ಎಷ್ಟೋ ಕಡೆ ಇರುವುದಿಲ್ಲ. ಊರಿಗೆ ಹೊಸಬನಾದವನು ತಾನು ಇಳಿದದ್ದು ಶಾಸಕರ ಮನೆಯ ಮುಂದೆಯೇ ಇರಬೇಕೆಂದು ತಿಳಿದರೆ ತಪ್ಪಿಲ್ಲ. ಮೇಲೆ ಬಾಗಿಸಿದ ತಗಡು, ಅದೂ ಆಳೆತ್ತರಕ್ಕಿಂತ ಬಹಳ ಮೇಲೆ. ಮಲೆನಾಡಿನ ಮಳೆ ನೆಟ್ಟಗೆ ಬೀಳುವ ಮಳೆಯಲ್ಲ, ಗಾಳಿಯ ಜತೆಗೆ ಓರೆಯಾಗಿ ಬರುವ ಮಳೆ. ಎರಚಲಿಗೆ ಒಳಗೆ ನಿಂತವನೂ ನೆನೆಯುತ್ತಾನೆ, ಹೊರಗೆ ನಿಂತವನೂ ನೆನೆಯುತ್ತಾನೆ. ಕೂರಲು ಮೂರು ಕೊಳವೆಗಳು, ನಡುನಡುವೆ ಕಬ್ಬಿಣದ ಕೈ. ಕೈ ಇರುವುದು ಒರಗುವುದಕ್ಕೆಂದು ತಿಳಿಯಬೇಡಿ, ಯಾರೂ ಮಲಗಬಾರದೆಂದು! ಈ ವಿದ್ಯೆ ನಮ್ಮದಲ್ಲ. ಲಂಡನ್ನಿನ ಕ್ಯಾಮ್ಡನ್ ಬಡಾವಣೆಯ ಆಡಳಿತ 2012ರಲ್ಲಿ ಒಂದು ಕಾಂಕ್ರೀಟು ಬೆಂಚನ್ನು ಮಾಡಿಸಿತು. ಯಾವ ಕಡೆಯಿಂದ ನೋಡಿದರೂ ಇಳಿಜಾರು. ಅದರ ಮೇಲೆ ಮಲಗಲಾಗದು, ಬಹಳ ಹೊತ್ತು ಕೂರಲೂ ಆಗದು. ಮನೆಯಿಲ್ಲದವನನ್ನು ಬೀದಿಯಿಂದಲೂ ಓಡಿಸುವುದಕ್ಕೆ ಅಷ್ಟೊಂದು ಕಲೆಯನ್ನು ಖರ್ಚು ಮಾಡಿದ್ದಾರೆ. ಉಪಯುಕ್ತ ಕಲೆ ಎಂದೊಡನೆ ನಾವು ಕಣ್ಣುಮುಚ್ಚಿ ಕೈಮುಗಿಯುವುದಿಲ್ಲ. ಯಾರಿಗೆ ಉಪಯುಕ್ತ ಎಂಬುದೇ ನಮ್ಮ ಮೊದಲ ಪ್ರಶ್ನೆ.

ನಮ್ಮ ಹಿರಿಯರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ದಾರಿಬದಿಯ ಅರಳಿಕಟ್ಟೆ, ಬೇಸಿಗೆಯ ಅರವಟ್ಟಿಗೆ, ದನ ನೀರು ಕುಡಿಯುವ ಕಲ್ಲಿನ ತೊಟ್ಟಿ, ತಲೆಯ ಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಮತ್ತೆ ಹೊರುವಂತೆ ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು, ಇವನ್ನೆಲ್ಲ ನೋಡಿ. ಹೊರೆಯಿಳಿಸುವ ಆ ಕಲ್ಲಿನ ಎತ್ತರವನ್ನು ನಿರ್ಧರಿಸಿದವನು ನಕ್ಷೆಯ ಮುಂದೆ ಕುಳಿತವನಲ್ಲ, ಹೊರೆ ಹೊತ್ತವನ ಕತ್ತನ್ನು ಕಂಡವನು. ಹಳೆಯದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ಅದೇ ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ಕೂರಬಾರದು ಎಂಬ ಜಾತಿಯ ಕಟ್ಟಳೆಯೂ ಇತ್ತು, ಅದೇ ಕೆರೆಯ ನೀರನ್ನು ಮುಟ್ಟಬಾರದವರೂ ಇದ್ದರು. ಕಟ್ಟೆ ನಮಗೆ ಬೇಕು, ಕಟ್ಟಳೆ ಬೇಡ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಿಂದ ದಾಸೋಜ ಮತ್ತು ಆತನ ಮಗ ಚಾವಣ ಎಂಬ ಶಿಲ್ಪಿಗಳು ಹನ್ನೆರಡನೆಯ ಶತಮಾನದಲ್ಲಿ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದರು. ಪೀಠದ ಮೇಲೆ ತಮ್ಮ ಹೆಸರನ್ನೂ ಕೆತ್ತಿದರು. ರಾಜರ ಕಾಲದಲ್ಲಿ ಕೆಲಸ ಮಾಡಿದವನ ಹೆಸರಿಗೆ ಕಲ್ಲಿನಲ್ಲಿ ಜಾಗವಿತ್ತು. ಪ್ರಜಾಪ್ರಭುತ್ವದ ಕಾಲದಲ್ಲಿ ಹಣ ಮಂಜೂರು ಮಾಡಿದವರ ಹೆಸರಷ್ಟೇ ಗ್ರಾನೈಟಿನಲ್ಲಿದೆ, ಅದೂ ಸ್ವಂತ ಹಣವಲ್ಲ, ನಮ್ಮದು.

ಇನ್ನು ಗೋಡೆಗಳ ವಿಷಯ. 2009ರಲ್ಲಿ ಬೆಂಗಳೂರು ಮಹಾನಗರಪಾಲಿಕೆ ರಸ್ತೆಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಿತು. ಬರೆದವರು ಸಿನಿಮಾ ಫಲಕಗಳನ್ನೂ ಅಂಗಡಿಯ ಬೋರ್ಡುಗಳನ್ನೂ ಬರೆದು ಬದುಕುತ್ತಿದ್ದ ಚಿತ್ರಗಾರರು. ಫ್ಲೆಕ್ಸು ಬಂದು ಇವರ ಅನ್ನ ಹೋಗಿತ್ತು. ಹಂಪಿ, ಜೋಗ, ಹುಲಿ, ಯಕ್ಷಗಾನ ಎಲ್ಲವೂ ಗೋಡೆಗೆ ಬಂದವು. ದೊಡ್ಡ ಕಲಾವಿದರು ಮೂಗು ಮುರಿದರು. ನಾವು ಮುರಿಯುವುದಿಲ್ಲ; ಕುಂಚವನ್ನು ಅಟ್ಟಕ್ಕೆ ಎಸೆದಿದ್ದವನಿಗೆ ಅಷ್ಟು ದಿನ ಕೂಲಿ ಸಿಕ್ಕಿತು, ಅದು ಸಣ್ಣ ಮಾತಲ್ಲ. ನಮ್ಮ ತಕರಾರು ಬೇರೆ. ಗೋಡೆಯ ಚಿತ್ರದಿಂದ ಆದ ಉಪಯೋಗವೇನು? ಪೋಸ್ಟರು ಅಂಟಿಸಬಾರದು, ಮೂತ್ರ ಮಾಡಬಾರದು, ಅಷ್ಟೆ. ಮೂತ್ರಾಲಯ ಕಟ್ಟಿಸಿ ಅದರ ಗೋಡೆಗೆ ಅದೇ ಚಿತ್ರಗಾರನಿಂದ ಜೋಗವನ್ನು ಬರೆಸಿದ್ದರೆ ಬರೆದವನಿಗೂ ಮರ್ಯಾದೆ, ನಿಂತವನಿಗೂ ಮರ್ಯಾದೆ ಇರುತ್ತಿತ್ತು. ಆ ಬಣ್ಣ ಮಾಸಿತು, ಮತ್ತೆ ಕರೆ ಬರಲಿಲ್ಲ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು, 2018ರಲ್ಲಿ ಹೈಕೋರ್ಟು ಬೆಂಗಳೂರಿನ ಫ್ಲೆಕ್ಸುಗಳನ್ನು ಇಳಿಸಲೇಬೇಕೆಂದು ಚಾಟಿ ಬೀಸಿತು. ಆದರೂ ನಾಯಕರ ಹುಟ್ಟುಹಬ್ಬ ಬಂದೊಡನೆ ಕಂಬಕ್ಕೊಂದು ಫ್ಲೆಕ್ಸು ಏರುತ್ತದೆ. ನಿಷೇಧದಿಂದ ಚಿತ್ರಗಾರನಿಗೆ ಒಂದು ದಿನದ ಕೆಲಸವೂ ಹುಟ್ಟಲಿಲ್ಲ.

ಕಲೆಯನ್ನು ಉಪಯೋಗಕ್ಕೆ ಕಟ್ಟಿಹಾಕಿದರೆ ಅದು ಸಾಯುತ್ತದೆಂದು ಹೇಳುವ ರಸಿಕರಿದ್ದಾರೆ. ಅವರಿಗಾಗಿ ಒಂದು ಮೊಸಳೆಯ ಕಥೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಬೆಂಗಳೂರಿನ ರಸ್ತೆಯ ನೀರು ತುಂಬಿದ ಗುಂಡಿಯೊಂದರಲ್ಲಿ ಆಳುದ್ದದ ಮೊಸಳೆಯನ್ನು ಮಾಡಿ ಬಿಟ್ಟರು. ನೂರು ಅರ್ಜಿಗೆ ಏಳದ ಅಧಿಕಾರ ಒಂದು ಮೊಸಳೆಗೆ ಎದ್ದು ಬಂದು ಗುಂಡಿ ಮುಚ್ಚಿತು. ಆ ಮೊಸಳೆ ಸತ್ತ ಕಲೆಯೆ? ನಮ್ಮ ಕಣ್ಣಿಗೆ ಆ ವರ್ಷ ರಾಜ್ಯದಲ್ಲಿ ಅದಕ್ಕಿಂತ ಜೀವವಿದ್ದ ಶಿಲ್ಪ ಕಾಣಲಿಲ್ಲ. ಖರ್ಚು ಮಾತ್ರ ಕಲಾವಿದರ ಜೇಬಿನದು.

ಬೇರೆ ದೇಶಗಳಲ್ಲಿ ಇದನ್ನು ಮಾಡಿದ್ದಾರೆಯೆ ಎಂದು ಕೇಳಿದರೆ, ಬಂಡವಾಳಶಾಹಿಯ ತವರುಮನೆಯಲ್ಲೇ ಮಾಡಿದ್ದಾರೆ. ಮಹಾಮುಗ್ಗಟ್ಟಿನ ಕಾಲದಲ್ಲಿ, 1935ರಿಂದ 1943ರವರೆಗೆ, ಅಮೆರಿಕದ ಸರ್ಕಾರ ಸಾವಿರಾರು ಕಲಾವಿದರನ್ನು ವಾರಕ್ಕೆ ಇಪ್ಪತ್ತು ಚಿಲ್ಲರೆ ಡಾಲರ್ ಕೂಲಿಯ ಮೇಲೆ ಕೆಲಸಕ್ಕೆ ತೆಗೆದುಕೊಂಡಿತು. ಶಾಲೆಗೆ, ಆಸ್ಪತ್ರೆಗೆ, ಅಂಚೆಕಚೇರಿಗೆ ಸರ್ಕಾರದ ಹಣದಿಂದ ಚಿತ್ರಗಳು ಬಂದವು. ಬಹುಮಾನವಲ್ಲ, ಶಾಲಲ್ಲ, ಕೂಲಿ! ಮುಂದೆ ಅದೇ ದೇಶದ ಸಿಯಾಟಲ್ ನಗರ 1988ರಲ್ಲಿ ಬಡಾವಣೆಗಳ ಜನರಿಗೇ ಸಣ್ಣ ಅನುದಾನ ಕೊಡುವ ನಿಧಿಯೊಂದನ್ನು ತೆರೆಯಿತು. ಬೀದಿಯವರು ಸೇರಿ ತಮಗೆ ಬೇಕಾದದ್ದನ್ನು ಹೇಳಬೇಕು, ತಮ್ಮ ಪಾಲನ್ನು ಹಣದಲ್ಲೋ ಸಾಮಗ್ರಿಯಲ್ಲೋ ಮೈದುಡಿಮೆಯಲ್ಲೋ ಕೂಡಿಸಬೇಕು, ಅದಕ್ಕೆ ಸಮನಾಗಿ ನಗರ ಕೊಡುತ್ತದೆ. ಅದಕ್ಕೂ ಮೊದಲೇ, 1970ರ ದಶಕದಲ್ಲಿ, ಅಲ್ಲಿನ ಒಬ್ಬ ಕಲಾವಿದೆ ರಸ್ತೆಯ ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳದ ಮೇಲೆ ಊರಿನ ನಕ್ಷೆಯನ್ನೇ ಎರಕ ಹೊಯ್ಯಿಸಿದ್ದರು. ದಾರಿ ತಪ್ಪಿದವನು ತಲೆ ತಗ್ಗಿಸಿ ಕಾಲ ಕೆಳಗೆ ನೋಡಿದರೆ ದಾರಿ ಸಿಗುತ್ತದೆ. ಇದಕ್ಕೆ ಭೂಮಿಯೂ ಬೇಡ, ಕಟ್ಟಡವೂ ಬೇಡ. ಹೇಗಿದ್ದರೂ ಹಾಕಬೇಕಾದ ಮುಚ್ಚಳ.

ಆದರೆ ಸಿಯಾಟಲಿನ ಪದ್ಧತಿಯನ್ನು ಇದ್ದಂತೆಯೇ ಎತ್ತಿ ತರಬೇಡಿ. ಜನರ ಮೈದುಡಿಮೆಯನ್ನು ಅವರ ಪಾಲೆಂದು ಲೆಕ್ಕ ಹಿಡಿಯುವುದು ಹೊಟ್ಟೆ ತುಂಬಿದ ಬಡಾವಣೆಗೆ ಸರಿ. ನಮ್ಮಲ್ಲಿ ಅದಕ್ಕೆ ಬಿಟ್ಟಿ ಚಾಕರಿಯೆಂದು ಹೆಸರು. ಶ್ರಮದಾನದ ಹೆಸರಿನಲ್ಲಿ ಬಡವ ಮಣ್ಣು ಹೊತ್ತದ್ದನ್ನೂ ಸಾಹೇಬರು ಒಂದು ಬುಟ್ಟಿ ಎತ್ತಿ ಫೋಟೋ ತೆಗೆಸಿಕೊಂಡದ್ದನ್ನೂ ನಾಡು ಕಂಡಿದೆ. ದಿನಗೂಲಿಯವನ ಒಂದು ದಿನವೆಂದರೆ ಒಂದು ದಿನದ ಅಕ್ಕಿ. ದುಡಿದ ಪ್ರತಿ ಕೈಗೂ, ಕುಂಚ ಹಿಡಿದದ್ದಿರಲಿ ಕರಣೆ ಹಿಡಿದದ್ದಿರಲಿ, ಪೂರ್ತಿ ಕೂಲಿ ಸಲ್ಲಬೇಕು.

ನಮ್ಮ ರಾಜ್ಯದಲ್ಲಿ ಈ ದಾರಿಯಲ್ಲಿ ಹೆಜ್ಜೆಯಿಟ್ಟದ್ದು ಒಂದು ಖಾಸಗಿ ಸಂಸ್ಥೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 2014ರಲ್ಲಿ 'ಪ್ರಾಜೆಕ್ಟ್ 560' ಎಂಬ ಹೆಸರಿನಲ್ಲಿ ಆ ನಗರದ ಜಾಗಗಳೊಡನೆ ಕೆಲಸ ಮಾಡುವ ಕಲಾವಿದರಿಗೆ ಅನುದಾನ ಕೊಡತೊಡಗಿತು. ಅವರಿಗೆ ನಮ್ಮ ನಮಸ್ಕಾರ. ಆದರೆ ದಾನಿಗಳ ಕೃಪೆಯಿಂದ ಬರುವುದು ಬೇರೆ, ತೆರಿಗೆ ಕೊಟ್ಟ ಜನ ತಮ್ಮ ಹಕ್ಕಿನಿಂದ ಪಡೆಯುವುದು ಬೇರೆ. ಸರ್ಕಾರದ ಅಕಾಡೆಮಿಗಳ ಹಣವೇನೋ ಶಿಬಿರ, ಪ್ರದರ್ಶನ, ಪ್ರಶಸ್ತಿಗಳಿಗೆ ಹೋಗುತ್ತದೆ. ಅದು ಬೀದಿಗೆ ಇಳಿಯುವುದು ಅಪರೂಪ.

ಹಣವಿಲ್ಲವೆಂಬ ಮಾತನ್ನು ಮಾತ್ರ ನಮ್ಮೆದುರು ಆಡಬೇಡಿ. 2015ರಿಂದ 2025ರವರೆಗೆ ನಡೆದ ಸ್ಮಾರ್ಟ್ ಸಿಟಿ ಯೋಜನೆಗೆ ಶಿವಮೊಗ್ಗೆಯೂ 2016ರಲ್ಲಿ ಆಯ್ಕೆಯಾಗಿತ್ತು. ಯೋಜನೆಯ ನಿಯಮದಂತೆ ನಗರಕ್ಕೆ ವರ್ಷಕ್ಕೆ ಸರಾಸರಿ 100 ಕೋಟಿ ಕೇಂದ್ರದ್ದು, ಅಷ್ಟೇ ಪಾಲು ರಾಜ್ಯದ ಕಡೆಯದು, ಐದು ವರ್ಷ. ನಾವು ಕೇಳುವುದು 35 ವಾರ್ಡಿಗೆ ಸೇರಿ ವರ್ಷಕ್ಕೆ 70 ಲಕ್ಷ. ಆ ಇನ್ನೂರು ಕೋಟಿಯ ಲೆಕ್ಕದಲ್ಲಿ ಇದು ನೂರು ರೂಪಾಯಿಗೆ 35 ಪೈಸೆ.

ನಿಯಮ ಅಡ್ಡ ಬರುತ್ತದೆಯೆ? 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆ ಟೆಂಡರು ಕರೆಯಬೇಕೆನ್ನುತ್ತದೆ. ಒಳ್ಳೆಯ ಕಾಯ್ದೆ. ಆದರೆ ಅದಕ್ಕೇ 4(ಜಿ) ಎಂಬ ಹಿತ್ತಿಲ ಬಾಗಿಲಿದೆ. ಸರ್ಕಾರ ಅಧಿಸೂಚನೆ ಹೊರಡಿಸಿದರೆ ಕೋಟಿಗಟ್ಟಲೆಯ ಕೆಲಸವೂ ಟೆಂಡರಿಲ್ಲದೆ ಒಳಗೆ ಹೋಗುತ್ತದೆ. ಆನೆ ಹಾಯುವ ಬಾಗಿಲಲ್ಲಿ ಸೊರಬದ ಗುಡಿಗಾರ ತನ್ನ ಉಳಿಯೊಡನೆ ಬಂದರೆ "ನಿನ್ನ ಲೈಸೆನ್ಸು ಯಾವ ದರ್ಜೆ?" ಎಂದು ಕೇಳುತ್ತಾರೆ. ಸಾಗರ, ಸೊರಬಗಳ ಗುಡಿಗಾರರ ಕೆತ್ತನೆ ಎಷ್ಟೋ ದಿವಾನಖಾನೆಗಳನ್ನು ಸೇರಿದೆ. ಅವರ ಕೈಯ ಒಂದು ಬಾಗಿಲು, ಒಂದು ಬೆಂಚು ನಮ್ಮ ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಏಕಿರಬಾರದು?

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಏತಕ್ಕೆ? ಗೇಣಿಯ ಭತ್ತ ಅಳೆಯುವ ಕೊಳಗ ಒಡೆಯನ ಕೈಯಲ್ಲಿತ್ತು, ಅವನು ಅಳೆದದ್ದೇ ಅಳತೆಯಾಗಿತ್ತು. ಆ ಗೇಣಿದಾರರು ದೀವರು. ಅವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿಯಲ್ಲಿ ಹಸೆಚಿತ್ತಾರ ಬರೆಯುತ್ತಾ ಬಂದವರು. ಇಂದು ಆ ಚಿತ್ತಾರ ಪ್ರವಾಸೋದ್ಯಮದ ಹೊತ್ತಗೆಯಲ್ಲಿದೆ. ಸರ್ಕಾರಿ ಕಾಮಗಾರಿಯ ದರಪಟ್ಟಿಯಲ್ಲಿ ಸಿಮೆಂಟಿಗೆ ದರವಿದೆ, ಗ್ರಾನೈಟಿಗೆ ದರವಿದೆ, ಸುಣ್ಣ ಬಳಿಯುವುದಕ್ಕೂ ಇದೆ. ಚಿತ್ತಾರ ಬರೆಯುವ ಅಕ್ಕನ ಕೈಗೆ ದರವೆಲ್ಲಿದೆ? ಕೊಳಗ ಇನ್ನೂ ಒಡೆಯನ ಕೈಯಲ್ಲೇ ಇದೆ, ಒಡೆಯ ಬೇರೆ ಅಷ್ಟೆ.

ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿ ಹೇಳುತ್ತದೆ. 2011ರ ಜನಗಣತಿಯಲ್ಲೇ ಶಿವಮೊಗ್ಗೆ ಆ ಗೆರೆ ದಾಟಿತ್ತು. ಈ ಹಣದ ನಿರ್ಧಾರ ಆ ಸಮಿತಿಯ ಬಹಿರಂಗ ಸಭೆಯಲ್ಲಿ ಆಗಬೇಕು, ಯಾವ ಬೆಂಚು ಎಲ್ಲಿ ಎಂದು ಹೇಳುವ ಮೊದಲ ಹಕ್ಕು ಅಲ್ಲಿ ನಿಂತು ಕಾಲು ನೋಯಿಸಿಕೊಂಡವರದಾಗಬೇಕು: ತರಕಾರಿ ಮಾರುವವರು, ಹಮಾಲರು, ಪೌರಕಾರ್ಮಿಕರು, ಶಾಲೆಯ ಮಕ್ಕಳು.

ಅರ್ಜಿಯ ನಮೂನೆಯೊಂದನ್ನು ನಾವೇ ಸಿದ್ಧಮಾಡಿದ್ದೇವೆ. ಕನ್ನಡದಲ್ಲಿ, ಒಂದೇ ಹಾಳೆ, ನಾಲ್ಕು ಪ್ರಶ್ನೆ: ಏನು ಬೇಕು, ಯಾರು ಬಳಸುತ್ತಾರೆ, ಯಾರು ಮಾಡುತ್ತಾರೆ, ಅವರ ಕೂಲಿ ಎಷ್ಟು. ಪತ್ರಿಕೆಯ ಕಚೇರಿಯಲ್ಲಿ ಸಂಜೆ ಆರರ ಮೇಲೆ ಸಿಗುತ್ತದೆ. ಬರೆಯಲು ಬಾರದವರಿಗೆ ನಮ್ಮ ಕಾರ್ಯಕರ್ತರು ಬರೆದುಕೊಡುತ್ತಾರೆ. ನೂರು ಅರ್ಜಿ ಸೇರಿದ ದಿನ ಎಲ್ಲರೂ ಕೂಡಿ ಆ ಬೆಂಚಿಲ್ಲದ ಪಡಸಾಲೆಗೆ ಹೋಗುತ್ತೇವೆ. ಬರುವಾಗ ಚಾಪೆ ತನ್ನಿ.