ದೋಷ ತಯಾರಕರದು, ಹೊರೆ ಬಳಕೆದಾರರದು

2018ರ ಜನವರಿ 3ರಂದು ಜಗತ್ತಿಗೆ ಒಂದು ಅಸಾಧಾರಣ ಸುದ್ದಿ ತಿಳಿಯಿತು. ಹಿಂದಿನ ಎರಡು ದಶಕಗಳಲ್ಲಿ ಮಾರಾಟವಾಗಿದ್ದ ಬಹುಪಾಲು ಕಂಪ್ಯೂಟರುಗಳ ಹಾಗೂ ಅಸಂಖ್ಯ ಮೊಬೈಲ್ ಫೋನುಗಳ ಮಿದುಳಿನಂತಿರುವ ಪ್ರೊಸೆಸರ್‌ನ ವಿನ್ಯಾಸದಲ್ಲಿಯೇ ಗಂಭೀರ ಭದ್ರತಾ ದೋಷಗಳಿವೆ ಎಂಬುದೇ ಆ ಸುದ್ದಿ. ಸಂಶೋಧಕರು ಅವುಗಳಿಗೆ ‘ಮೆಲ್ಟ್‌ಡೌನ್’ ಮತ್ತು ‘ಸ್ಪೆಕ್ಟರ್’ ಎಂದು ಹೆಸರಿಟ್ಟಿದ್ದರು. ಮೊದಲನೆಯದು ಮುಖ್ಯವಾಗಿ ಇಂಟೆಲ್ ಕಂಪನಿಯ 1995ರಿಂದೀಚಿನ ಬಹುತೇಕ ಪ್ರೊಸೆಸರ್‌ಗಳನ್ನು ಬಾಧಿಸುವಂಥದು. ಎರಡನೆಯದಕ್ಕೆ ಇಂಟೆಲ್ ಮಾತ್ರವಲ್ಲದೆ ಎಎಂಡಿ ಚಿಪ್‌ಗಳೂ, ಫೋನುಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ಎಆರ್‌ಎಂ ವಿನ್ಯಾಸದ ಚಿಪ್‌ಗಳೂ ಒಳಗಾಗಿದ್ದವು. ತನ್ನ ಎಲ್ಲ ಮ್ಯಾಕ್ ಕಂಪ್ಯೂಟರುಗಳಿಗೂ ಐಫೋನುಗಳಿಗೂ ಇದರ ಬಾಧೆಯಿದೆ ಎಂದು ಆ್ಯಪಲ್ ಮರುದಿನವೇ ಒಪ್ಪಿಕೊಂಡಿತು. ಆ ಪ್ರಸಂಗವನ್ನು ಈಗ ನೆನೆಯಲು ಕಾರಣವಿದೆ. ಇಂಥ ದೋಷವೊಂದು ಪತ್ತೆಯಾದಾಗ ಯಾರಿಗೆ ಮೊದಲು ತಿಳಿಯಬೇಕು, ಅದನ್ನು ಸರಿಪಡಿಸುವ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ನಮ್ಮ ದೇಶದ ಮಟ್ಟಿಗೆ ಇನ್ನೂ ಇತ್ಯರ್ಥವಾಗಿಲ್ಲ.

ದೋಷದ ಸ್ವರೂಪವನ್ನು ವಿವರಿಸಲು, ಸರ್ಕಾರಿ ಕಚೇರಿಗಳಲ್ಲಿ ಆಯುಷ್ಯ ಕಳೆದ ನನಗೆ ಕಡತದ ಹೋಲಿಕೆಯೇ ಹತ್ತಿರವಾದುದು. ಚುರುಕಿನ ಗುಮಾಸ್ತನೊಬ್ಬ ಮೇಲಧಿಕಾರಿಯ ಅನುಮತಿ ಹೇಗೂ ಸಿಗುತ್ತದೆಂಬ ಊಹೆಯ ಮೇಲೆ ಗೋಪ್ಯ ಕಡತವನ್ನು ಮೊದಲೇ ಬಿಚ್ಚಿ, ಅದರಲ್ಲಿರುವುದಕ್ಕೆ ತಕ್ಕ ಪೂರಕ ಕಡತವನ್ನೂ ಬೀರುವಿನಿಂದ ತೆಗೆದು, ಆದೇಶದ ಕರಡು ಸಿದ್ಧಪಡಿಸಿ ಇಟ್ಟುಕೊಳ್ಳುತ್ತಾನೆ. ಅನುಮತಿ ದೊರೆತರೆ ಸಮಯ ಉಳಿಯಿತು. ದೊರೆಯದಿದ್ದರೆ ಕರಡನ್ನು ಹರಿದುಹಾಕಿ, ಗೋಪ್ಯ ಕಡತವನ್ನು ಕಟ್ಟಿಡುತ್ತಾನೆ. ಏನೂ ನಡೆದಿಲ್ಲವೆಂದೇ ತೋರುತ್ತದೆ. ಆದರೆ ಆ ಪೂರಕ ಕಡತ ಮೇಜಿನ ಮೇಲೆಯೇ ಉಳಿದಿರುತ್ತದೆ. ಹೊರಗಿನವನೊಬ್ಬ ಸಾಮಾನ್ಯ ಕಡತಗಳನ್ನು ಒಂದೊಂದಾಗಿ ಕೇಳುತ್ತಾ, ಯಾವುದು ತಕ್ಷಣ ಕೈಗೆ ಬಂತು, ಯಾವುದಕ್ಕೆ ಬೀರು ತೆರೆಯಬೇಕಾಯಿತು ಎಂಬುದನ್ನು ಗಡಿಯಾರ ಹಿಡಿದು ಅಳೆದರೆ, ಗೋಪ್ಯ ಕಡತದಲ್ಲಿ ಏನಿದ್ದಿರಬೇಕೆಂದು ಲೆಕ್ಕ ಹಾಕಬಲ್ಲ. ಆಧುನಿಕ ಪ್ರೊಸೆಸರ್ ಮಾಡುವುದು ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸವೆಂದರೆ, ಅದು ಸೆಕೆಂಡಿಗೆ ಕೋಟ್ಯಂತರ ಬಾರಿ ಹೀಗೆ ಮುಂದಾಗಿಯೇ ಕೆಲಸ ಮಾಡುತ್ತದೆ.

ಇಲ್ಲಿ ಗಮನಿಸಬೇಕಾದ ಆರ್ಥಿಕ ಸತ್ಯವೊಂದಿದೆ. ಇದು ಯಾರೋ ನಿದ್ದೆಗಣ್ಣಿನಲ್ಲಿ ಮಾಡಿದ ಕೈತಪ್ಪಲ್ಲ. ವೇಗಕ್ಕಾಗಿ ಬುದ್ಧಿಪೂರ್ವಕವಾಗಿ ರೂಪಿಸಿದ ಏರ್ಪಾಡು. ಚಿಪ್ ಕಂಪನಿಗಳು ಎರಡು ದಶಕ ಮಾರಿದ್ದು ವೇಗವನ್ನು. ಗ್ರಾಹಕರು ಬೆಲೆ ತೆತ್ತದ್ದೂ ವೇಗಕ್ಕೇ. ಆ ವೇಗದ ಒಂದಂಶ ಭದ್ರತೆಯ ತಪಾಸಣೆಯನ್ನು ಮುಂದೂಡಿ ಗಳಿಸಿದ್ದು ಎಂಬುದು ಕೊಂಡವರಿಗೆ ತಿಳಿದಿರಲಿಲ್ಲ. ತೇಪೆ ಹಚ್ಚಿದ ಮೇಲೆ ಕೆಲವು ಬಗೆಯ ಕೆಲಸಗಳಲ್ಲಿ ಯಂತ್ರಗಳು ನಿಧಾನವಾದವು. ಅಂದರೆ, ಹಣ ಕೊಟ್ಟು ಪಡೆದ ವೇಗದ ಒಂದು ಭಾಗವನ್ನು ಬಳಕೆದಾರರು ಹಿಂದಿರುಗಿಸಿದರು. ಬೆಲೆಯಲ್ಲಿ ಮಾತ್ರ ಯಾರಿಗೂ ಏನೂ ಹಿಂದಿರುಗಲಿಲ್ಲ.

ದೋಷದ ಸಂಗತಿ ಗೂಗಲ್‌ನ ಸಂಶೋಧಕರ ಮೂಲಕ ಚಿಪ್ ಕಂಪನಿಗಳಿಗೆ ತಿಳಿದದ್ದು 2017ರ ಜೂನ್ 1ರಂದು. ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರೂ ಸೇರಿದಂತೆ ಬೇರೆ ಸಂಶೋಧಕರು ಸ್ವತಂತ್ರವಾಗಿ ಅದನ್ನು ಕಂಡುಕೊಂಡರು. ಪರಿಹಾರ ಸಿದ್ಧವಾಗುವವರೆಗೆ ವಿಷಯವನ್ನು ಗುಟ್ಟಾಗಿಡುವುದು ಈ ಕ್ಷೇತ್ರದ ಸಂಪ್ರದಾಯ. ಅದರಲ್ಲಿ ವಿವೇಕವೂ ಇದೆ, ಬೀಗ ಸಿದ್ಧವಾಗುವ ಮೊದಲು ಬಾಗಿಲು ಮುರಿದಿದೆಯೆಂದು ಊರಿಗೆ ಸಾರಬಾರದು. 2018ರ ಜನವರಿ 9ರವರೆಗೆ ಮೌನ ಪಾಲಿಸುವುದೆಂದು ಒಪ್ಪಂದವಾಗಿತ್ತು. ಸುಳಿವು ಸೋರಿದ್ದರಿಂದ ಆರು ದಿನ ಮೊದಲೇ ಬಹಿರಂಗಪಡಿಸಬೇಕಾಯಿತು. ಈ ಏಳು ತಿಂಗಳ ಅವಧಿಯಲ್ಲಿ ವಿಷಯ ತಿಳಿದಿದ್ದವರು ಯಾರು? ಕೆಲವು ದೊಡ್ಡ ಕಂಪನಿಗಳು. ಅವುಗಳಲ್ಲಿ ಚೀನಾದ ಲೆನೊವೊ ಕೂಡ ಇತ್ತೆಂದು ‘ವಾಲ್ ಸ್ಟ್ರೀಟ್ ಜರ್ನಲ್’ ವರದಿ ಮಾಡಿತು. ಆದರೆ ಇಂಥ ಅಪಾಯಗಳನ್ನು ಎದುರಿಸಲೆಂದೇ ಅಮೆರಿಕ ಸರ್ಕಾರ ಸ್ಥಾಪಿಸಿರುವ ಕಂಪ್ಯೂಟರ್ ತುರ್ತು ಸ್ಪಂದನಾ ತಂಡಕ್ಕೆ ಇಂಟೆಲ್ ಮುಂಚಿತವಾಗಿ ತಿಳಿಸಿರಲಿಲ್ಲ. ದೋಷವನ್ನು ಯಾರೂ ದುರುಪಯೋಗಪಡಿಸಿಕೊಂಡ ಸೂಚನೆಯಿರಲಿಲ್ಲವಾದ್ದರಿಂದ ತಿಳಿಸಲಿಲ್ಲ ಎಂದು ಕಂಪನಿ ಮುಂದಿನ ತಿಂಗಳು ಅಲ್ಲಿನ ಜನಪ್ರತಿನಿಧಿಗಳಿಗೆ ಸಮಜಾಯಿಷಿ ನೀಡಿತು. ಯಾರು ಗ್ರಾಹಕರೋ ಅವರಿಗೆ ಮೊದಲು ತಿಳಿಯಿತು, ನಾಗರಿಕರ ಹೊಣೆ ಹೊತ್ತವರಿಗೆ ತಿಳಿಯಲಿಲ್ಲ.

ಸರ್ಕಾರಕ್ಕೆ ತಿಳಿಸಿಬಿಟ್ಟರೆ ಎಲ್ಲವೂ ಸುರಳೀತ ಎಂದು ನಾನು ವಾದಿಸಲಾರೆ. ಸರ್ಕಾರದ ಒಳಗಿದ್ದು ಬಂದವನಿಗೆ ಅಂಥ ಭ್ರಮೆ ಇರಬಾರದು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯದೆಂದು ಹೇಳಲಾದ, ವಿಂಡೋಸ್‌ನ ಒಂದು ದೋಷವನ್ನು ಬಳಸಿಕೊಳ್ಳುವ ಅಸ್ತ್ರ 2017ರ ಏಪ್ರಿಲ್‌ನಲ್ಲಿ ಸೋರಿಕೆಯಾಯಿತು. ಮೇ 12ರಂದು ಅದನ್ನೇ ಬಳಸಿದ ‘ವಾನಾಕ್ರೈ’ ಪಿಡುಗು ಸುಮಾರು 150 ದೇಶಗಳಿಗೆ ಹರಡಿತು. ಬ್ರಿಟನ್ನಿನ ಲೆಕ್ಕಪರಿಶೋಧನಾ ಕಚೇರಿಯ ವರದಿಯಂತೆ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳ ಪೈಕಿ 81 ತೊಂದರೆಗೊಳಗಾದವು. ರದ್ದಾದ ಭೇಟಿಗಳ ಸಂಖ್ಯೆ 19,000ಕ್ಕೂ ಮಿಕ್ಕಿರಬಹುದೆಂದು ಅಂದಾಜಿಸಲಾಯಿತು. ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ತೇಪೆ ಬಿಡುಗಡೆ ಮಾಡಿತ್ತು. ಅಲ್ಲಿ ಬಾಧಿತವಾದ ಯಂತ್ರಗಳಲ್ಲಿ ಹೆಚ್ಚಿನವು ಅದನ್ನು ಹಾಕಿಕೊಳ್ಳದೆ ಉಳಿದ ವಿಂಡೋಸ್ 7 ಯಂತ್ರಗಳು. ಆದ್ದರಿಂದ ಬಳಸುವವರ ಆಲಸ್ಯವೂ ಅಪರಾಧದಲ್ಲಿ ಪಾಲುದಾರ ಎಂಬುದನ್ನು ಒಪ್ಪಬೇಕು. ಆದರೆ ಹಳೆಯ ವಿಂಡೋಸ್ ಎಕ್ಸ್‌ಪಿ ಬಳಸುತ್ತಿದ್ದವರ ಸ್ಥಿತಿ ಬೇರೆಯಿತ್ತು. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿತ್ತು. ಅದಕ್ಕೂ ಪರಿಹಾರ ಇತ್ತಾದರೂ, ವಿಶೇಷ ಬೆಂಬಲಕ್ಕೆ ಹಣ ತೆತ್ತವರಿಗೆ ಮಾತ್ರ. ಊರು ಸೂರೆ ಹೋದ ಮೇಲಷ್ಟೇ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡಲಾಯಿತು.

ಎಕ್ಸ್‌ಪಿಯ ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ನಾನಿದ್ದ ಕಚೇರಿಯಲ್ಲಿ ಅಂಥ ಹಲವು ಯಂತ್ರಗಳಿದ್ದವು. ಅತಿ ಕಡಿಮೆ ದರದ ಟೆಂಡರಿನಲ್ಲಿ ಕೊಂಡವು. ವಾರಂಟಿ ಮೂರು ವರ್ಷ, ಬಳಕೆ ಹತ್ತು ವರ್ಷ. ಬೆಂಬಲ ಮುಗಿಯಲಿರುವುದರಿಂದ ಅವುಗಳನ್ನು ಬದಲಾಯಿಸಬೇಕೆಂದು ಪ್ರಸ್ತಾವ ಕಳುಹಿಸಿದೆ. ಕಡತ ಒಂದು ಪ್ರಶ್ನೆಯೊಡನೆ ಹಿಂದಿರುಗಿತು: ಯಂತ್ರಗಳು ಚಾಲನೆಯಲ್ಲಿವೆಯೇ? ಇದ್ದಲ್ಲಿ ಬದಲಾವಣೆಗೆ ಸಮರ್ಥನೆಯೇನು? ಪ್ರಶ್ನೆ ಕೇಳಿದವರನ್ನು ನಾನು ದೂರುವುದಿಲ್ಲ, ಅವರ ಸ್ಥಾನದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆನೇನೋ. ಆದರೆ ಕೊಳ್ಳುವಾಗ ನಾವು ಮೆಮೊರಿ ಎಷ್ಟು, ಪರದೆ ಎಷ್ಟು ಅಂಗುಲ ಎಂದೆಲ್ಲ ಕೇಳಿದ್ದೆವು. ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈ ವಿಷಯದ ಮೇಲೆ ಅರ್ಥಶಾಸ್ತ್ರದ ಬೆಳಕು ಬೀರಿದವರು ಕೇಂಬ್ರಿಜ್‌ನ ಪ್ರಾಧ್ಯಾಪಕರಾಗಿದ್ದ ದಿವಂಗತ ರಾಸ್ ಆ್ಯಂಡರ್‌ಸನ್. 2001ರ ಒಂದು ಪ್ರಬಂಧದಲ್ಲಿ ಅವರು ಎಟಿಎಂ ವಂಚನೆಯ ಉದಾಹರಣೆ ನೀಡಿದ್ದರು. ಅಮೆರಿಕದಲ್ಲಿ ತಕರಾರು ಬಂದರೆ ತಪ್ಪು ಗ್ರಾಹಕನದೆಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ಬ್ರಿಟನ್ನಿನಲ್ಲಿ ಆ ಹೊರೆ ಗ್ರಾಹಕನ ಮೇಲಿತ್ತು. ನಷ್ಟ ತಮ್ಮದಲ್ಲವೆಂದಾದಾಗ ಬ್ರಿಟಿಷ್ ಬ್ಯಾಂಕುಗಳು ಉಪೇಕ್ಷೆ ತೋರಿದವು ಎಂಬುದು ಅವರ ವಿಶ್ಲೇಷಣೆ. ತಡೆಯಬಲ್ಲವನ ಮೇಲೆಯೇ ನಷ್ಟದ ಹೊಣೆ ಬಿದ್ದರೆ ಆತ ತಡೆಯುತ್ತಾನೆ; ಬೇರೆಯವರ ಮೇಲೆ ಬಿದ್ದರೆ ಎಚ್ಚರಿಕೆಯ ಸಂದೇಶ ಕಳುಹಿಸಿ ಸುಮ್ಮನಾಗುತ್ತಾನೆ. ನಮ್ಮ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಈ ತತ್ತ್ವವನ್ನೇ ಅಳವಡಿಸಿತು. ಅನಧಿಕೃತ ವಿದ್ಯುನ್ಮಾನ ವಹಿವಾಟಿನಲ್ಲಿ ಗ್ರಾಹಕನ ಹೊಣೆಯನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನದೆಂದು ಅದು ವಿಧಿಸಿತು. ಹಾಗಿದ್ದರೆ ಆ ವಹಿವಾಟು ನಡೆಯುವ ಫೋನನ್ನು ತಯಾರಿಸಿದವರಿಗೆ ಮಾತ್ರ ಈ ತತ್ತ್ವ ಏಕೆ ಅನ್ವಯಿಸಬಾರದು?

ಫೋನಿನ ವಿಚಾರದಲ್ಲಿ ಸಮಸ್ಯೆ ಇನ್ನೂ ಜಟಿಲ. ಆ್ಯಂಡ್ರಾಯ್ಡ್ ಫೋನಿಗೆ ಬೇಕಾದ ತೇಪೆ ಗೂಗಲ್‌ನಿಂದ ಹೊರಟು, ಎಷ್ಟೋ ವೇಳೆ ಚಿಪ್ ತಯಾರಕರ ಮೂಲಕ ಹಾದು, ಫೋನ್ ತಯಾರಕರನ್ನು ತಲುಪಿ, ಅವರು ಮನಸ್ಸು ಮಾಡಿದರೆ ನಮ್ಮ ಕೈಸೇರುತ್ತದೆ. ದುಬಾರಿ ಮಾದರಿಗಳಿಗೆ ಏಳು ವರ್ಷಗಳ ಭರವಸೆ ನೀಡುವ ಕಂಪನಿಗಳು ಈಗ ಇವೆ. ಅಗ್ಗದ ಮಾದರಿಗಳಿಗೆ ಆ ಭಾಗ್ಯವಿಲ್ಲ. ಫೋನು ನೋಡಲು ಸರಿಯಾಗಿಯೇ ಇರುತ್ತದೆ, ಯುಪಿಐ ಪಾವತಿಯೂ ನಡೆಯುತ್ತದೆ. ಅಪ್‌ಡೇಟ್ ನಿಂತುಹೋಗಿರುವುದು ಮಾತ್ರ ಕಾಣುವುದಿಲ್ಲ. ಮನೆಯ ಹಿರಿಯರಿಗೆ, ಮನೆಗೆಲಸದವರಿಗೆ ನಾವು ದಾಟಿಸುವ ಹಳೆಯ ಫೋನು ಸಾಮಾನ್ಯವಾಗಿ ಇಂಥದೇ.

ಬೇರೆಡೆ ಕಾನೂನು ಮುಂದೆ ಸಾಗಿದೆ. ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಎಂಬುದನ್ನು ತಯಾರಕರು ಘೋಷಿಸಬೇಕೆಂಬ ಬ್ರಿಟನ್ನಿನ ನಿಯಮ 2024ರ ಏಪ್ರಿಲ್ 29ರಂದು ಜಾರಿಗೆ ಬಂತು. ಐರೋಪ್ಯ ಒಕ್ಕೂಟದ ಸೈಬರ್ ಸ್ಥಿತಿಸ್ಥಾಪಕತ್ವ ಕಾಯ್ದೆ ಸಾಮಾನ್ಯವಾಗಿ ಕನಿಷ್ಠ ಐದು ವರ್ಷಗಳ ಬೆಂಬಲವನ್ನು ಕಡ್ಡಾಯಗೊಳಿಸುತ್ತದೆ. ದುರುಪಯೋಗವಾಗುತ್ತಿರುವ ದೋಷ ಗೊತ್ತಾದ 24 ಗಂಟೆಗಳೊಳಗೆ ಮೊದಲ ಎಚ್ಚರಿಕೆ ನೀಡಬೇಕೆಂದೂ ಅದು ವಿಧಿಸುತ್ತದೆ. ಈ ವರದಿಯ ನಿಯಮಕ್ಕೆ 2026ರ ಸೆಪ್ಟೆಂಬರ್ 11ರ ದಿನಾಂಕ, ಕಾಯ್ದೆಯ ಮುಖ್ಯ ಭಾಗಕ್ಕೆ 2027ರ ಡಿಸೆಂಬರ್ ಗೊತ್ತುಮಾಡಲಾಗಿದೆ. ಬಳಕೆದಾರರ ಒತ್ತಡಕ್ಕೆ ಬೆಲೆಯಿದೆ ಎಂಬುದಕ್ಕೆ 2025ರ ನಿದರ್ಶನವೊಂದು ಸಾಕು. ವಿಂಡೋಸ್ 10ರ ಬೆಂಬಲ ಆ ವರ್ಷದ ಅಕ್ಟೋಬರ್ 14ಕ್ಕೆ ಮುಗಿದಾಗ, ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಬೇಕೆಂದವರು ಹಣ ಕೊಡಬೇಕಿತ್ತು, ಇಲ್ಲವೇ ತಮ್ಮ ಸೆಟ್ಟಿಂಗ್‌ಗಳನ್ನು ಕಂಪನಿಯ ಸರ್ವರಿಗೆ ಒಪ್ಪಿಸುವಂಥ ಷರತ್ತಿಗೆ ಒಳಗಾಗಬೇಕಿತ್ತು. ಅಲ್ಲಿನ ಗ್ರಾಹಕ ಸಂಘಟನೆಗಳು ಆಕ್ಷೇಪಿಸಿದ್ದರಿಂದ ಯುರೋಪಿನವರಿಗೆ ಮಾತ್ರ ಈ ಷರತ್ತು ಸಡಿಲಗೊಂಡು ಅಪ್‌ಡೇಟ್ ಉಚಿತವಾಯಿತು.

ನಮ್ಮಲ್ಲಿ ಕಾನೂನು ಶೂನ್ಯವೇನಲ್ಲ. 2004ರಿಂದ ಕಾರ್ಯನಿರ್ವಹಿಸುತ್ತಿರುವ ಸರ್ಟ್-ಇನ್, 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದಿತು. ಅದು ನಡೆದುಹೋದ ಘಟನೆಗಳ ಮಾತು. ಪೆಟ್ಟಿಗೆಯಲ್ಲಿ ಅಡಗಿ ಬಂದ ದೋಷಕ್ಕೆ ತಯಾರಕನನ್ನು ಹೊಣೆ ಮಾಡುವ ಮಾತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವೊಂದಿದೆ. ಅಲ್ಲಿ ಉತ್ಪನ್ನದ ವ್ಯಾಖ್ಯೆ ಅನಿಲ, ದ್ರವ, ಘನ ಎಂದೆಲ್ಲ ಹೇಳುತ್ತದೆಯೇ ಹೊರತು ತಂತ್ರಾಂಶದ ಹೆಸರೆತ್ತುವುದಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ್ದ ಸಮಿತಿ 2025ರಲ್ಲಿ ಸಲ್ಲಿಸಿದ ದುರಸ್ತಿ ಸೂಚ್ಯಂಕದ ವರದಿಯಲ್ಲಿ ತಂತ್ರಾಂಶ ಅಪ್‌ಡೇಟನ್ನೂ ಒಂದು ಮಾನದಂಡವಾಗಿ ಸೇರಿಸಿರುವುದು ಸ್ವಾಗತಾರ್ಹ. ಅಂಕಗಳನ್ನು ತಯಾರಕರು ತಾವೇ ಘೋಷಿಸಿಕೊಳ್ಳುವ ಪದ್ಧತಿ ಎಷ್ಟು ಫಲಕಾರಿ ಎಂಬುದು ಬೇರೆ ಮಾತು.

ಹೀಗೆ ಹೊಣೆ ಹೊರಿಸಿದರೆ ಅಗ್ಗದ ಫೋನುಗಳ ಬೆಲೆ ಏರುತ್ತದೆ, ಬಡವರಿಗೇ ಹೊರೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಬೆಲೆ ಸ್ವಲ್ಪ ಏರಬಹುದು. ಆದರೆ ಈಗಿನ ಕಡಿಮೆ ಬೆಲೆಯಲ್ಲಿ ಒಂದು ವೆಚ್ಚ ಬಚ್ಚಿಟ್ಟುಕೊಂಡಿದೆ. ಅದನ್ನು ನಂತರ, ಒಂದೇ ಕಂತಿನಲ್ಲಿ, ತೆರುವವನು ಆ ಬಡವನೇ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2021ರ ಡಿಸೆಂಬರ್‌ನಲ್ಲಿ ಜಗತ್ತನ್ನು ತಲ್ಲಣಗೊಳಿಸಿದ ‘ಲಾಗ್4ಜೆ’ ದೋಷವಿದ್ದ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಸ್ವಯಂಸೇವಕರು. ಬಿಡುವಿನ ವೇಳೆಯಲ್ಲಿ ಉಚಿತವಾಗಿ ದುಡಿಯುವವರ ಮೇಲೆ ದಂಡ ಹೇರುವುದು ಅನ್ಯಾಯ. ಹೊಣೆ ಹೊರಬೇಕಾದವರು ಅದನ್ನು ತಮ್ಮ ಸರಕಿನಲ್ಲಿ ಸೇರಿಸಿ ಮಾರಿ ಲಾಭ ಪಡೆದವರು. ಕಾಯ್ದೆ ಬರೆಯುವವರು ಈ ಗೆರೆಯನ್ನು ಎಚ್ಚರದಿಂದ ಎಳೆಯಬೇಕಾಗುತ್ತದೆ.

ಕೇಂದ್ರದ ಕಾಯ್ದೆಗೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ನಮ್ಮ ರಾಜ್ಯ ಕೈಕಟ್ಟಿ ಕೂರಬೇಕಾಗಿಲ್ಲ. ಕಂಪ್ಯೂಟರು, ಟ್ಯಾಬ್ಲೆಟ್, ಫೋನುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಗ್ರಾಹಕ ಸ್ವತಃ ಸರ್ಕಾರವೇ. ಆ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯ ಚೌಕಟ್ಟೂ ಇದೆ. ಭದ್ರತಾ ಅಪ್‌ಡೇಟ್ ಯಾವ ವರ್ಷದ ಯಾವ ತಿಂಗಳವರೆಗೆ ಉಚಿತವಾಗಿ ಬರುತ್ತದೆ ಎಂದು ಬಿಡ್‌ದಾರ ಲಿಖಿತವಾಗಿ ತಿಳಿಸತಕ್ಕದ್ದು, ಅದು ಯಂತ್ರದ ನಿರೀಕ್ಷಿತ ಬಳಕೆಯ ಅವಧಿಗಿಂತ ಕಡಿಮೆಯಿದ್ದರೆ ಬಿಡ್ ತಿರಸ್ಕೃತ ಎಂಬ ಒಂದು ಷರತ್ತನ್ನು ಟೆಂಡರ್ ಪತ್ರಗಳಲ್ಲಿ ಸೇರಿಸಲು ವಿಧಾನಮಂಡಲದ ಅಧಿವೇಶನ ಬೇಕಿಲ್ಲ. ಆರ್ಥಿಕ ಇಲಾಖೆಯ ಒಂದು ಪುಟದ ಸುತ್ತೋಲೆ ಸಾಕು.